ನೂರಾ ಹನ್ನೆರಡನೇ ಡಬ್ಬಿ

ಸುಟ್ಟ ಮೇಲೆ ಮನುಷ್ಯ ಎರಡೂವರೆ ಕಿಲೋ ಉಳಿಯುತ್ತಾನೆ. ಎತ್ತರದ ಆಳಾದರೆ ಮೂರು. ವರ್ಷಗಟ್ಟಲೆ ಹಸಿದವನಾದರೆ ಎರಡಕ್ಕೂ ಕಡಿಮೆ. ಹದಿನೇಳು ವರ್ಷದಿಂದ ತೂಗುತ್ತಿದ್ದೇನೆ. ನನ್ನ ಮಾತು ನಂಬಬಹುದು.

ನಾನು ಓದಿದ್ದು ರಸಾಯನಶಾಸ್ತ್ರ. ದೊಡ್ಡಾಸ್ಪತ್ರೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆಯ ಕೆಲಸಕ್ಕೆ ಅರ್ಜಿ ಹಾಕಿದೆ. ಆಯ್ಕೆಯೂ ಆಯಿತು. ಕೆಲಸಕ್ಕೆ ಸೇರಲು ಹೋದ ದಿನ ಗುಮಾಸ್ತ ನನ್ನ ವಿಳಾಸವನ್ನು ಎರಡು ಸಲ ಓದಿದ. ಗುಂಡಿ ತೋಡುವವರ ಓಣಿ. ನಮ್ಮಜ್ಜ, ನಮ್ಮಪ್ಪ, ನಮ್ಮ ಚಿಕ್ಕಪ್ಪ, ಎಲ್ಲರೂ ಊರಿನ ಹೆಣಗಳಿಗೆ ಮಣ್ಣು ತೆಗೆದವರು.

"ಮೇಲೆ ಜಾಗ ಇಲ್ಲಮ್ಮ," ಎಂದ ಗುಮಾಸ್ತ. "ಕೆಳಗಡೆ ಇದೆ. ನಿಮಗೆ ಅಭ್ಯಾಸ ಇರುತ್ತಲ್ಲ."

ಕೆಳಗಡೆ ಎಂದರೆ ನೆಲಮಾಳಿಗೆಯ ಶವಾಗಾರ ಮತ್ತು ಅದರ ಹಿಂದಿನ ಅಂಗಳದಲ್ಲಿರುವ ಗ್ಯಾಸ್ ಕುಲುಮೆ. ಕಾಗದದಲ್ಲಿ ನಾನು ಇವತ್ತಿಗೂ ತಂತ್ರಜ್ಞೆ. ಬಾಯಲ್ಲಿ ಒಲೆಯಕ್ಕ.

ವಾರಸುದಾರರಿಲ್ಲದ ಹೆಣಗಳು ನನ್ನ ಪಾಲು. ಹದಿನೈದು ದಿನ ತಣ್ಣನೆಯ ಪೆಟ್ಟಿಗೆಯಲ್ಲಿಡಬೇಕು. ಯಾರೂ ಬರದಿದ್ದರೆ ಸುಡಬೇಕು. ಬೂದಿಯನ್ನು ತಗಡಿನ ಡಬ್ಬಿಗೆ ತುಂಬಿ, ನಂಬರು ಹಚ್ಚಿ, ಎರಡು ವರ್ಷ ಕಪಾಟಿನಲ್ಲಿಡಬೇಕು. ಎರಡು ವರ್ಷವಾದ ಮೇಲೆ ಡಬ್ಬಿಯನ್ನು 'ಸೂಕ್ತವಾಗಿ ವಿಲೇವಾರಿ' ಮಾಡಬೇಕು. ಸೂಕ್ತವೆಂದರೆ ಆಸ್ಪತ್ರೆಯ ಹಿಂಬದಿಯ ಗುಂಡಿ. ಬಳಸಿದ ಬ್ಯಾಂಡೇಜು, ಒಡೆದ ಬಾಟಲಿ, ಅಡುಗೆಮನೆಯ ಹಸಿಕಸ ಬೀಳುವುದೂ ಅಲ್ಲಿಗೇ.

ನಾಲ್ಕು ವರ್ಷದ ಹಿಂದೆ ಅಧೀಕ್ಷಕರು ಒಂದು ಸುತ್ತೋಲೆ ಹೊರಡಿಸಿದರು. ಗ್ಯಾಸ್ ಉಳಿಸಬೇಕು, ಆದ್ದರಿಂದ ಒಂದು ಸುಡುವಿಕೆಗೆ ಎರಡು ಹೆಣ. ಕೆಳಗೆ ಅವರ ಸಹಿ, ಆಸ್ಪತ್ರೆಯ ಮೊಹರು. ಅಂದಿನಿಂದ ಎರಡೆರಡಾಗಿ ಸುಟ್ಟೆ. ಒಬ್ಬರ ತಲೆ ಇನ್ನೊಬ್ಬರ ಕಾಲಿನ ಕಡೆ ಬರುವಂತೆ ಮಲಗಿಸಿದರೆ ಕುಲುಮೆಯಲ್ಲಿ ಜಾಗ ಸಾಲುತ್ತದೆ. ಎಂಟುನೂರೈವತ್ತು ಡಿಗ್ರಿ, ಎರಡೂವರೆ ಗಂಟೆ. ಆರಿದ ಮೇಲೆ ಉದ್ದ ಹಿಡಿಯ ಕುಂಟೆಯಿಂದ ಎಳೆಯುತ್ತೇನೆ. ಅಯಸ್ಕಾಂತ ಆಡಿಸಿ ಅಂಗಿಯ ಗುಂಡಿ, ಮೊಳೆ, ಬೆಲ್ಟಿನ ಕೊಂಡಿ ಆರಿಸುತ್ತೇನೆ. ಮೂಳೆಯನ್ನು ಯಂತ್ರಕ್ಕೆ ಹಾಕಿ ಕುಟ್ಟುತ್ತೇನೆ. ಸಿಗುವುದು ಒಂದೇ ರಾಶಿ. ಆದರೆ ನಂಬರು ಎರಡು, ಡಬ್ಬಿ ಎರಡು. ಹಾಗಾಗಿ ಒಂದು ಸೌಟು ಈ ಡಬ್ಬಿಗೆ, ಒಂದು ಸೌಟು ಆ ಡಬ್ಬಿಗೆ. ಇದೇ ಸರಿಯೆಂದು ನನಗೆ ಕಂಡಿತು. ಯಾರೂ ಬೇರೆ ಹೇಳಲಿಲ್ಲ. ಯಾರೂ ಕೆಳಗೆ ಇಳಿದು ನೋಡಲೂ ಇಲ್ಲ.

ಆದರೆ ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಂ ಗೀಚಿಕೊಂಡೆ. 'ಜೊತೆ' ಎಂದು ತಲೆಬರಹ ಕೊಟ್ಟೆ. ಯಾವ ನಂಬರು ಯಾವ ನಂಬರಿನೊಂದಿಗೆ ಬೆಂದಿತು ಎಂಬುದು ಅದರಲ್ಲಿದೆ. ಯಾರೂ ಬರೆಯೆಂದು ಹೇಳಿರಲಿಲ್ಲ. ಕಾಲೇಜಿನಲ್ಲಿ ಕಲಿಸಿದ್ದರು, ಏನನ್ನು ಯಾವುದಕ್ಕೆ ಬೆರೆಸಿದರೂ ಬರೆದಿಡು ಎಂದು. ಕಲಿಸಿದವರಿಗೆ ನಾನು ಇಂಥದ್ದನ್ನು ಬೆರೆಸುತ್ತೇನೆಂದು ಗೊತ್ತಿರಲಿಲ್ಲ, ಪಾಪ.

ಈ ಬೇಸಿಗೆಯಲ್ಲಿ ನಿವೃತ್ತ ಸೈನ್ಯಾಧಿಕಾರಿಗಳ ಸಂಘದವರು ಬಂದರು. ಮುಂದೆ ಮೇಜರ್. ಹಿಂದೆ ಫೋಟೋ ತೆಗೆಯುವವನು. ಶವಾಗಾರದ ಬಾಗಿಲಲ್ಲಿ ಎಲ್ಲರೂ ಕರ್ಚೀಫು ತೆಗೆದರು. ಒಳಗೆ ಕಾಲಿಡಲಿಲ್ಲ. ಹೊಸ್ತಿಲಿನಿಂದಲೇ ಕಪಾಟಿಗೆ ಸಲಾಮು ಹೊಡೆದರು. ಮರುದಿನದ ಪತ್ರಿಕೆಯಲ್ಲಿ ಬಂತು: ದೇಶಕ್ಕಾಗಿ ಹೋರಾಡಿದ ವೀರರು ತಗಡಿನ ಡಬ್ಬಿಗಳಲ್ಲಿ! ಸಂಘವು ದಾಖಲೆ ಹುಡುಕಿ ಐವರನ್ನು ಗುರುತಿಸಿದೆ. ಸೈನಿಕ ಸ್ಮಶಾನದಲ್ಲಿ ಐವರಿಗೂ ಸಕಲ ಗೌರವದೊಂದಿಗೆ ಸಮಾಧಿ. ಮಂತ್ರಿಗಳು ಬರಲಿದ್ದಾರೆ.

ಪತ್ರಿಕೆಯನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಆತ ಸೈನಿಕ ಸ್ಮಶಾನದಲ್ಲಿ ಗುಂಡಿ ತೋಡುವವರ ಮೇಸ್ತ್ರಿ. ಅರವತ್ತೆಂಟು ವಯಸ್ಸು. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ.

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು," ಎಂದ. "ಆ ಐದು ಜನ ಬೀದಿಲಿ ಬಿದ್ದಿದ್ದಾಗ ಈ ಮೇಜರ್ ಎಲ್ಲಿದ್ರಂತೆ?"

"ಅದನ್ನ ಪತ್ರಿಕೆಯವರು ಬರೆದಿಲ್ಲ."

"ಬರೆಯಲ್ಲ ಬಿಡು. ಸರಿ, ನಮ್ಮ ಹಾರೆ ಹೆಸರಿದೆಯಾ ಪಟ್ಟಿಲಿ?"

ಇರಲಿಲ್ಲ.

ಹಾರೆ ಎಂಬುದು ನಮ್ಮ ಓಣಿ ಇಟ್ಟ ಹೆಸರು. ಹತ್ತೊಂಬತ್ತು ವರ್ಷ ಸೈನ್ಯದಲ್ಲಿದ್ದ ಮನುಷ್ಯ. ಹೆಂಡತಿ ಮಕ್ಕಳು ಯಾರೂ ಇಲ್ಲ. ಕೊನೆಯ ಏಳು ವರ್ಷ ಸ್ಮಶಾನದ ಸಾಮಾನು ಕೋಣೆಯಲ್ಲಿ ಚಿಕ್ಕಪ್ಪನ ಗುದ್ದಲಿಗಳ ನಡುವೆ ಮಲಗುತ್ತಿದ್ದ. ಅವನು ಬಂದೂಕು ಹಿಡಿದವನಲ್ಲ. ಕಾಮಗಾರಿ ದಳದ ಸಮಾಧಿ ತುಕಡಿಯವನು. ಯುದ್ಧ ನಡೆಯುವಲ್ಲಿ ಸತ್ತ ಸಿಪಾಯಿಗಳನ್ನು ಎತ್ತಿ ತಂದು, ತೊಳೆದು, ಗುಂಡಿ ತೋಡಿ ಹೂಳುವುದು ಅವನ ಕೆಲಸ. ನೆಲ ಹೆಪ್ಪುಗಟ್ಟಿದ್ದರೆ ಬೆಂಕಿ ಹಾಕಿ ಮೆತ್ತಗೆ ಮಾಡಿ ತೋಡುತ್ತಿದ್ದನಂತೆ. ಬಂಡೆಯಿದ್ದರೆ ಹಾರೆ. ಗುಂಡು ಹಾರುತ್ತಿದ್ದರೆ ಮಲಗಿಕೊಂಡೇ ತೋಡಬೇಕು. "ಮಲಗಿ ತೋಡಿದ್ರೆ ಮಣ್ಣೆಲ್ಲ ಬಾಯೊಳಗೇ ಬೀಳುತ್ತೆ ಕಣಮ್ಮ," ಎನ್ನುತ್ತಿದ್ದ. "ನಾನು ತಿಂದಷ್ಟು ಗಡಿ ಮಣ್ಣು ಯಾವ ದೇಶಭಕ್ತನೂ ತಿಂದಿಲ್ಲ." ಆ ಧೂಳೇ ಅವನ ಶ್ವಾಸಕೋಶಕ್ಕೆ ಹೊಕ್ಕಿತ್ತು. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಕೆಮ್ಮಿ ಕೆಮ್ಮಿ ಸತ್ತ.

ನಮಗೆ ಬಿಡಿಸಿಕೊಳ್ಳಲು ಆಗಲಿಲ್ಲ. ವಾರಸುದಾರನೆಂದರೆ ರಕ್ತಸಂಬಂಧಿ. ಚಿಕ್ಕಪ್ಪ ಎರಡು ದಿನ ಆಫೀಸಿನ ಮುಂದೆ ನಿಂತ. ಗೆಳೆಯ ಎಂಬ ಸಂಬಂಧ ಅವರ ನಮೂನೆಯಲ್ಲಿ ಇರಲಿಲ್ಲ. ಹದಿನಾರನೇ ದಿನ ನಾನೇ ಅವನನ್ನು ಕುಲುಮೆಗೆ ಹಾಕಿದೆ. ಅವನ ಪಕ್ಕಕ್ಕೆ ಆ ದಿನ ಇದ್ದದ್ದು ಇನ್ನೊಬ್ಬ ಅನಾಥ, ಫಿರಂಗಿ ದಳದಲ್ಲಿದ್ದ ಮುದುಕ. ಫಿರಂಗಿಯವನದು ನೂರಾ ಹನ್ನೊಂದು. ಹಾರೆಯದು ನೂರಾ ಹನ್ನೆರಡು.

ನೂರಾ ಹನ್ನೊಂದು ಸಂಘದ ಪಟ್ಟಿಯಲ್ಲಿತ್ತು. ನೂರಾ ಹನ್ನೆರಡಕ್ಕೆ ಎರಡು ವರ್ಷ ತುಂಬಲು ಆರು ವಾರ ಉಳಿದಿತ್ತು. ಆಮೇಲೆ ಕಸದ ಗುಂಡಿ.

ಹಾರೆ ಸಾಮಾನು ಕೋಣೆಯಲ್ಲಿ ಬಿಟ್ಟುಹೋದ ಸೇವಾ ಪುಸ್ತಕ ನನ್ನ ಬಳಿ ಇತ್ತು. ಅದನ್ನು ಹಿಡಿದು ಅಧೀಕ್ಷಕರ ಕೋಣೆಗೆ ಹೋದೆ. ಮೇಜರ್ ಅಲ್ಲೇ ಕೂತಿದ್ದರು. ನಾನು ಒಳಗೆ ಹೋದೊಡನೆ ಗುಮಾಸ್ತ ಕಿಟಕಿ ತೆರೆದ. ಅದು ವಾಡಿಕೆ. ಎರಡು ಕುರ್ಚಿ ಖಾಲಿ ಇದ್ದವು. ನಾನು ಕೂರುವುದಿಲ್ಲ. ಕೂತರೆ ಆಮೇಲೆ ಕುರ್ಚಿ ತೊಳೆಸುತ್ತಾರೆ. ತೊಳೆಯುವವಳು ನಮ್ಮ ಓಣಿಯವಳೇ. ಅವಳಿಗೆ ಯಾಕೆ ಕೆಲಸ ಹೆಚ್ಚಿಸಬೇಕು?

ಮೇಜರ್ ಪುಸ್ತಕವನ್ನು ಪೆನ್ನಿನ ತುದಿಯಿಂದ ತೆರೆದರು. ಹಾಳೆಗಳನ್ನೂ ಪೆನ್ನಿನಿಂದಲೇ ತಿರುವಿದರು.

"ಇವನು ಕಾಮಗಾರಿ ದಳದವನು. ಯೋಧ ಅಲ್ಲ."

"ಹತ್ತೊಂಬತ್ತು ವರ್ಷ ಗಡಿಯಲ್ಲಿದ್ದ ಸರ್."

"ಇದ್ದ. ಸಾಮಾನು ಹೊರೋ ಕತ್ತೆಗಳೂ ಇದ್ವು. ಎಲ್ಲಾರಿಗೂ ಕಲ್ಲು ನಿಲ್ಸೋಕಾಗುತ್ತಾ?"

ಅಧೀಕ್ಷಕರು ನಕ್ಕರು. ಗುಮಾಸ್ತ ಅವರನ್ನು ನೋಡಿಕೊಂಡು ನಕ್ಕ.

"ಇವನು ಏನು ಮಾಡ್ತಿದ್ದ ಅಂತ ಅದೇ ಪುಟದಲ್ಲಿದೆ ಸರ್."

"ಗುಂಡಿ ತೋಡ್ತಿದ್ದ."

"ಯಾರಿಗೆ?"

ಮೇಜರ್ ಪೆನ್ನಿನ ಮುಚ್ಚಳ ಹಾಕಿದರು. "ನಮ್ಮ ಹುಡುಗರಿಗೆ," ಎಂದರು. ಒಂದು ಕ್ಷಣ ಅವರ ದನಿ ಮನುಷ್ಯನದಾಗಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಅದು ಅವನ ಕೆಲಸ. ಕೆಲಸಕ್ಕೆ ಕೂಲಿ ಸಿಕ್ಕಿದೆ. ನಿಯಮದ ಪ್ರಕಾರ ಶಸ್ತ್ರ ಹಿಡಿದವರಿಗೆ ಮಾತ್ರ. ನಾನೇನು ಮಾಡೋಕಾಗುತ್ತಮ್ಮ?"

ಏನೂ ಮಾಡಲಾಗದವರು ಎಷ್ಟು ಆರಾಮಾಗಿ ಕೂರುತ್ತಾರೆ! ಒಂದು ಕಾಲಿನ ಮೇಲೆ ಇನ್ನೊಂದು ಕಾಲು.

ಅಧೀಕ್ಷಕರು ಐದು ಕಾಗದಗಳನ್ನು ಮೇಜಿನಂಚಿಗೆ ತಳ್ಳಿದರು. ಪ್ರಮಾಣಪತ್ರಗಳು. 'ಈ ಡಬ್ಬಿಯಲ್ಲಿರುವ ಅವಶೇಷವು ಮೇಲ್ಕಂಡ ಯೋಧರದ್ದೇ ಆಗಿದ್ದು, ಬೇರಾರದ್ದೂ ಅಲ್ಲ.' ಸುಟ್ಟವಳು ನಾನಾದ್ದರಿಂದ ಸಹಿ ನನ್ನದು ಬೇಕು. ಮೇಲಿನದು ಫಿರಂಗಿಯವನದು.

"ಇದು ನಿಜ ಅಲ್ಲ ಸರ್," ಎಂದೆ. "ನೂರಾ ಹನ್ನೊಂದರಲ್ಲಿ ಅರ್ಧ ಈ ಗುಂಡಿ ತೋಡೋನು ಇದಾನೆ. ಇಬ್ಬರನ್ನೂ ಒಟ್ಟಿಗೆ ಸುಟ್ಟಿದ್ದು."

ಇದನ್ನು ಹೇಳುವಾಗ ನನಗೆ ಸಣ್ಣ ಖುಷಿಯಾಯಿತು. ಒಪ್ಪಿಕೊಳ್ಳುತ್ತೇನೆ. ಫಿರಂಗಿಯವನಿಗೆ ಸಮಾಧಿ ಕೊಡಬೇಕಾದರೆ ಹಾರೆಗೂ ಕೊಡಲೇಬೇಕು, ಈಗ ಎಲ್ಲಿಗೆ ಹೋಗುತ್ತೀರಿ ಎಂದುಕೊಂಡೆ. ಓದಿದವರ ದಡ್ಡತನ ಇದು. ಸತ್ಯವನ್ನು ಮೇಜಿನ ಮೇಲಿಟ್ಟರೆ ಅದು ತಾನಾಗಿಯೇ ಸರಿಯಾದ ಕಡೆಗೆ ಉರುಳುತ್ತದೆ ಎಂದು ನಂಬುವುದು.

ಮೇಜರ್ ಮುಖ ಹುಳ್ಳಗಾಯಿತು. "ಬೇರೆ ಮಾಡೋಕಾಗಲ್ವಾ?"

"ಏನನ್ನ ಸರ್?"

"ಪರೀಕ್ಷೆ ಇರುತ್ತಲ್ಲ. ಡಿ.ಎನ್.ಎ. ಪರೀಕ್ಷೆ."

"ಎಂಟುನೂರೈವತ್ತು ಡಿಗ್ರಿಯಲ್ಲಿ ಅದು ಉಳಿಯಲ್ಲ. ಉಳಿಯೋದು ಹೆಚ್ಚುಕಮ್ಮಿ ಕ್ಯಾಲ್ಸಿಯಂ ಫಾಸ್ಫೇಟ್. ಅದರಲ್ಲಿ ಯೋಧರ ಫಾಸ್ಫೇಟ್, ಕೂಲಿ ಫಾಸ್ಫೇಟ್ ಅಂತ ಇಲ್ಲ ಸರ್."

"ಜರಡಿ ಹಿಡಿದ್ರೆ?" ಎಂದರು ಅಧೀಕ್ಷಕರು. ಅವರು ವೈದ್ಯರು. ಗೋಡೆಯ ಮೇಲೆ ಮೂರು ಪದವಿಗಳು ಕಟ್ಟು ಹಾಕಿಸಿಕೊಂಡು ನೇತಾಡುತ್ತಿವೆ.

"ಯಾವ ಅಳತೆ ಜರಡಿ ಸರ್? ಶಸ್ತ್ರ ಹಿಡಿದವರು ದಪ್ಪ ಇರ್ತಾರಾ, ಸಣ್ಣ ಇರ್ತಾರಾ?"

"ಜಾಸ್ತಿ ಮಾತಾಡ್ಬೇಡಿ."

"ಕೇಳಿದ್ದಕ್ಕೆ ಹೇಳಿದೆ."

 ಮೇಜರ್ ಹಾಲಿನಿಂದ ನೊಣ ಎತ್ತಿ ಎಸೆದಂತೆ ಕೈ ಬೀಸಿದರು. ನೊಣ ಎಸೆಯಲಿಲ್ಲ, ಹಾಲನ್ನೇ ಚೆಲ್ಲಿದರು.

"ಹಾಗಾದ್ರೆ ಫಿರಂಗಿಯವನನ್ನ ಬಿಡೋಣ. ನಾಲ್ಕೇ ಸಾಕು. ಇವನ ಬೂದಿ ಸೇರ್ಕೊಂಡಿರೋದನ್ನ ಧ್ವಜದ ಕೆಳಗೆ ಇಡೋಕಾಗಲ್ಲ."

ಇಪ್ಪತ್ತಮೂರು ವರ್ಷ ಫಿರಂಗಿ ಹಾರಿಸಿ ಎರಡೂ ಕಿವಿ ಕಳಕೊಂಡ ಮುದುಕ. ಗುಂಡಿ ತೋಡುವವನ ಪಕ್ಕ ಎರಡೂವರೆ ಗಂಟೆ ಮಲಗಿದ್ದಕ್ಕೆ ಅವನೂ ಮೈಲಿಗೆಯಾದ.

ಸಂಜೆ ಸ್ಮಶಾನಕ್ಕೆ ಹೋಗಿ ಚಿಕ್ಕಪ್ಪನಿಗೆ ಹೇಳಿದೆ. ಆತ ಗುದ್ದಲಿಯ ಬಾಯಿ ಮಸೆಯುತ್ತಿದ್ದ. ಮಸೆಯುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ನಿನ್ನ ಬಾಯಿಂದಾಗಿ ಇನ್ನೊಬ್ಬನೂ ಕಸದ ಗುಂಡಿಗೆ."

"ನಾನು ಇದ್ದದ್ದು ಹೇಳಿದೆ ಚಿಕ್ಕಪ್ಪ."

"ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರೆ. ಗಾದೆ ಗೊತ್ತಿಲ್ವಾ? ಕಾಲೇಜಿನಲ್ಲಿ ಅದನ್ನ ಕಲಿಸ್ಲಿಲ್ವಾ?"

"ಉಳಿದ ನಾಲ್ಕೂ ಹಾಗೇ ಇದೆ," ಎಂದೆ.

ಮಸೆಗಲ್ಲು ನಿಂತಿತು.

"ಹಾಗೇ ಅಂದ್ರೆ?"

"ಎಲ್ಲಾ ಜೋಡಿ. ಸುತ್ತೋಲೆ ಬಂದ ಮೇಲೆ ಒಬ್ಬರನ್ನೂ ಒಂಟಿಯಾಗಿ ಸುಟ್ಟಿಲ್ಲ. ಅವರು ಹಾರೆ ಬಗ್ಗೆ ಮಾತ್ರ ಕೇಳಿದ್ರು. ಉಳಿದದ್ದು ಕೇಳಲಿಲ್ಲ."

ಚಿಕ್ಕಪ್ಪ ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಕೆಮ್ಮು ಬರುವ ತನಕ ನಕ್ಕ.

"ಯಾರು ಯಾರ ಜೊತೆ? ಹೇಳು ಹೇಳು."

ಹೇಳಿದೆ. ಸೈನ್ಯದ ಲಾರಿ ಓಡಿಸುತ್ತಿದ್ದವನ ಜೊತೆ ನಿಲ್ದಾಣದಲ್ಲಿ ಚಹಾ ಮಾರುತ್ತಿದ್ದ ಅಜ್ಜಿ. ವೈರ್‌ಲೆಸ್‌ನವನ ಜೊತೆ ಚಪ್ಪಲಿ ಹೊಲಿಯುವ ಮೂಗ. ಕಾಲಾಳು ದಳದ ಒಬ್ಬನ ಜೊತೆ ಕಾಲುವೆಯಲ್ಲಿ ಸಿಕ್ಕ ಹೆಂಗಸು, ಹೆಸರಿಲ್ಲ, ಬಲಗೈ ಮೇಲೆ ಸುಟ್ಟ ಕಲೆ. ಇನ್ನೊಬ್ಬ ಕಾಲಾಳಿನ ಜೊತೆ ಒಬ್ಬ ಜೇಬುಗಳ್ಳ.

"ಕಳ್ಳನಾ?"

"ಪೊಲೀಸರು ಚೀಟಿಯಲ್ಲಿ ಹಾಗೆ ಬರೆದಿದ್ರು."

"ಅವನಿಗೂ ಧ್ವಜ!" ಎಂದ ಚಿಕ್ಕಪ್ಪ, ಕಣ್ಣೊರೆಸಿಕೊಳ್ಳುತ್ತಾ. "ಹೋಗು, ಇದನ್ನೂ ಹೇಳು ಅವರಿಗೆ. ಎಲ್ಲಾ ಬಾಯಿಬಿಟ್ಟು ಹೇಳು. ಅರ್ಧ ಹೇಳಿದ್ದೇ ನಿನ್ನ ತಪ್ಪು."

ಮರುದಿನ ಐದು ಜೋಡಿಗಳ ಪಟ್ಟಿ ಬರೆದೆ. ಕೆಳಗೆ ಸುತ್ತೋಲೆಯ ಸಂಖ್ಯೆ, ತಾರೀಖು. ಅಧೀಕ್ಷಕರಿಗೆ ಕೊಟ್ಟೆ. ಅವರು ಓದಿದರು. ಇನ್ನೊಮ್ಮೆ ಓದಿದರು. ಹೆಸರು ಕೆತ್ತಿದ ಕಲ್ಲುಗಳು ಆಗಲೇ ಬಂದಿದ್ದವು, ಐದೂ. ಆಮಂತ್ರಣ ಹಂಚಿಯಾಗಿತ್ತು.

"ಈ 'ಜೊತೆ' ಅನ್ನೋ ಕಾಲಂ ಹಾಕೋಕೆ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಲಿಲ್ಲ ಸರ್."

"ಹೇಳದೇ ಇದ್ದದ್ದನ್ನ ಯಾಕೆ ಮಾಡಿದ್ರಿ?"

 ಅವರು ಗುಮಾಸ್ತನಿಂದ ಒಂದು ಹೊಸ ರಿಜಿಸ್ಟರ್ ತರಿಸಿದರು. ಅದಿನ್ನೂ ಅಂಟಿನ ವಾಸನೆ ಹೊಡೆಯುತ್ತಿತ್ತು. ಪೆನ್ನನ್ನು ಒಂದೇ ಬೆರಳಿನಿಂದ ನನ್ನ ಕಡೆ ಉರುಳಿಸಿದರು.

"ಹಳೇದಕ್ಕೆ ನೀರು ಬಿತ್ತು. ಇದರಲ್ಲಿ ನಾಲ್ಕು ವರ್ಷದ್ದು ನಕಲು ಮಾಡಿ. ಆ ಕಾಲಂ ಬೇಡ. ಆಮೇಲೆ ಐದಕ್ಕೂ ಸಹಿ ಹಾಕಿ. ಫಿರಂಗಿಯವರನ್ನೂ ಸೇರಿಸ್ತೀವಿ, ಮೇಜರ್ ಹತ್ರ ನಾನು ಮಾತಾಡ್ತೀನಿ. ಸಂತೋಷ ತಾನೇ?"

"ಹಾರೆ?"

"ಯಾವ ಹಾರೆ?"

"ನೂರಾ ಹನ್ನೆರಡು."

"ನೋಡಿ," ಎಂದರು, ಮಗುವಿಗೆ ಔಷಧಿ ಕುಡಿಸುವವರ ದನಿಯಲ್ಲಿ. "ಆ ಐದು ಜೊತೆ ಡಬ್ಬಿಗಳನ್ನ ಶನಿವಾರದೊಳಗೆ ಖಾಲಿ ಮಾಡ್ಬಿಡಿ. ಇರೋದೇ ಬೇಡ."

"ಎರಡು ವರ್ಷ ಆಗಿಲ್ಲ ಸರ್."

"ಆಯ್ತು ಅಂದ್ಕೊಳ್ಳಿ."

ಪೆನ್ನು ಮೇಜಿನಂಚಿಗೆ ಬಂದು ನಿಂತಿತ್ತು. ನನ್ನ ಕೈ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಬೂದಿ. ಎಷ್ಟು ತೊಳೆದರೂ ಹೋಗದ ಬೂದಿ. ಈ ಕೈಯಿಂದ ಏನೇನು ಎಳೆದಿದ್ದೇನೆ, ಏನೇನು ಕುಟ್ಟಿದ್ದೇನೆ. ಒಂದಕ್ಕೂ ಇಷ್ಟು ಹೇಸಿಗೆಯಾಗಿರಲಿಲ್ಲ.

"ನಾನು ಬರೆಯಲ್ಲ," ಎಂದೆ.

"ಏನಂದ್ರಿ?"

"ಬರೆಯಲ್ಲ. ಸಹಿನೂ ಹಾಕಲ್ಲ."

"ಕೆಲಸ ಇರಲ್ಲ, ಗೊತ್ತಾ?"

"ತೆಗೀರಿ ಸರ್. ಜಾಹೀರಾತು ಕೊಡಿ. ಕೆಳಗಡೆ ಕೆಲಸಕ್ಕೆ ಯಾರು ಅರ್ಜಿ ಹಾಕ್ತಾರೋ ನಾನೂ ನೋಡ್ತೀನಿ. ಅಲ್ಲಿ ತನಕ ನೀವೇ ಇಳಿದು ಬರ್ತೀರಾ? ಕುಂಟೆ ಎಲ್ಲಿದೆ ಅಂತ ತೋರಿಸ್ತೀನಿ."

ಗುಮಾಸ್ತ ಕಿಟಕಿಯ ಹತ್ತಿರ ಏನೋ ಕೆಲಸವಿದ್ದವನಂತೆ ತಿರುಗಿಕೊಂಡ. ಅಧೀಕ್ಷಕರು ಕೆಂಪಾದರು. ಬಾಗಿಲು ತೋರಿಸಿದರು. ಮಧ್ಯಾಹ್ನದೊಳಗೆ ನನಗೊಂದು ಎಚ್ಚರಿಕೆಯ ಪತ್ರ ಬಂತು: ಅವಿಧೇಯತೆ, ಅನಧಿಕೃತ ಕಾಲಂ. ನನ್ನ ರಿಜಿಸ್ಟರು ಅವರ ಕಪಾಟಿಗೆ ಹೋಗಿ ಬೀಗ ಹಾಕಿಸಿಕೊಂಡಿತು. ಹೊಸದನ್ನು ಗುಮಾಸ್ತ ಬರೆದ. ಐದು ಪ್ರಮಾಣಪತ್ರಗಳಿಗೆ ಅಧೀಕ್ಷಕರೇ ಸಹಿ ಹಾಕಿದರು. ಒಂದು ದಿನವೂ ಕುಲುಮೆಯ ಬಾಗಿಲು ತೆರೆಯದವರು, ಈ ಬೂದಿ ಇವರದ್ದೇ ಎಂದು ಪ್ರಮಾಣ ಮಾಡಿದರು.

ಡಬ್ಬಿ ಖಾಲಿ ಮಾಡುವ ಆಜ್ಞೆ ಮಾತ್ರ ನನ್ನದೇ ಆಗಿ ಉಳಿಯಿತು. ಐದು ಡಬ್ಬಿಗಳನ್ನು ಕಪಾಟಿನಿಂದ ಇಳಿಸಿದೆ. ಅಜ್ಜಿ, ಮೂಗ, ಹೆಸರಿಲ್ಲದವಳು, ಕಳ್ಳ, ಹಾರೆ. ಹಾಸಿಗೆ ಬಟ್ಟೆಯ ಚೀಲದಲ್ಲಿ ಹಾಕಿ ಹೆಗಲಿಗೇರಿಸಿದೆ. ಸುಮಾರು ಹನ್ನೊಂದು ಕಿಲೋ. ಕಸದ ಗುಂಡಿಯ ಪಕ್ಕದಿಂದಲೇ ಹಾದು ಹಿಂದಿನ ಗೇಟಿನಿಂದ ಹೊರಗೆ ಬಂದೆ. ಕಾವಲಿನವನು ಚೀಲ ಬಿಚ್ಚು ಎನ್ನಲಿಲ್ಲ. ನಾನು ಹೊತ್ತ ಚೀಲವನ್ನು ಯಾರೂ ಬಿಚ್ಚು ಎನ್ನುವುದಿಲ್ಲ. ಅವರ ಅಸಹ್ಯದಿಂದ ನನಗಾದ ಒಂದೇ ಉಪಕಾರ ಅದು.

ಸ್ಮಶಾನ ತಲುಪಿದಾಗ ಭುಜದಲ್ಲಿ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಅಲ್ಲಿ ಸಮಾರಂಭದ ತಾಲೀಮು ನಡೆದಿತ್ತು. ಸಾಲಾಗಿ ಐದು ಗುಂಡಿ, ಮೂರಡಿ ಆಳ, ಅಂಚು ಚಾಕುವಿನಿಂದ ಕೊಯ್ದ ಹಾಗೆ ನೇರ. ಚಿಕ್ಕಪ್ಪನ ಕೆಲಸ. ಪ್ರತಿ ಗುಂಡಿಗೂ ಒಬ್ಬ ತೋಡುವವನು, ಅವನ ಕಾಲ ಬಳಿ ಜರಡಿ ಹಿಡಿದ ಮೆತ್ತನೆಯ ಮಣ್ಣಿನ ಒಂದು ಬಾಂಡ್ಲಿ. ಗಣ್ಯರು ಹಿಡಿ ಮಣ್ಣು ಹಾಕುವುದು ಅದರಿಂದ. ನೆಲದ ಮಣ್ಣಿನಲ್ಲಿ ಕಲ್ಲಿರುತ್ತದೆ, ಅವರ ಕೈಗೆ ಚುಚ್ಚಬಾರದು.

ಸಿಪಾಯಿಗಳು ಮರದ ಪೆಟ್ಟಿಗೆಯನ್ನು ಗುಂಡಿಯ ತನಕ ತರುತ್ತಾರೆ. ಬಗ್ಗಿ ಇಳಿಸುವುದು ತೋಡುವವನು. ಆಮೇಲೆ ಕಹಳೆ. ಕಹಳೆ ಊದುವಾಗ ಸಮವಸ್ತ್ರದವರೆಲ್ಲ ಹಣೆಗೆ ಕೈ ಹಚ್ಚಿ ಕಂಬದಂತೆ ನಿಲ್ಲಬೇಕು. ತಾಲೀಮಿನಲ್ಲಿ ಒಬ್ಬ ಸಿಪಾಯಿ ಮೂಗಿನ ಮೇಲೆ ಕೂತ ನೊಣ ಓಡಿಸಿದ್ದಕ್ಕೆ ಮೇಜರ್ ಬೈಯುತ್ತಾ ಅವನ ಅಪ್ಪನ ತನಕ ಹೋದರು. "ಮೈಮೇಲೆ ಹಾವು ಹರಿದ್ರೂ ಅಲುಗಬಾರದು! ಕಹಳೆ ಮುಗಿಯೋ ತನಕ ನೀನು ಕಲ್ಲು!"

ಚಿಕ್ಕಪ್ಪ ಅದನ್ನು ಕೇಳಿಸಿಕೊಂಡ. ಎರಡನೇ ಸಲ ಕಹಳೆ ಊದಿದಾಗ ನನ್ನ ಕೈಗಡಿಯಾರದ ಕಡೆ ಸನ್ನೆ ಮಾಡಿದ.

"ಎಷ್ಟು ಹೊತ್ತು ಬಂತು?" ಎಂದು ನನ್ನನ್ನು ಕೇಳಿದ.

"ನೂರು ಸೆಕೆಂಡು."

"ಮೇಜರ್ ನೂರು ಸೆಕೆಂಡು ಕಲ್ಲು," ಎಂದ. "ನಾವು ತೋಡೋರು. ನಮಗೆ ಕಲ್ಲಾಗು ಅಂತ ಯಾರೂ ಹೇಳಿಲ್ಲ, ಅಲ್ವಾ?"

ನನ್ನ ಚೀಲದ ಕಡೆ ನೋಡಿದ. ಆಮೇಲೆ ಬಾಂಡ್ಲಿಗಳ ಕಡೆ. ನನಗೆ ಅರ್ಥವಾಯಿತು.

"ಐದನೇ ಗುಂಡಿ ಫಿರಂಗಿಯವನದು," ಎಂದೆ. "ಅಲ್ಲಿ ನಾನು ನಿಲ್ತೀನಿ."

"ನಿನ್ನ ಗುರುತು ಹಿಡಿದ್ರೆ?"

"ತೋಡೋರ ಮುಖ ಯಾರು ನೋಡ್ತಾರೆ ಚಿಕ್ಕಪ್ಪ?"

ಭಾನುವಾರ ಬೆಳಗ್ಗೆ ಹತ್ತಕ್ಕೆ ಮಂತ್ರಿ ಬಂದರು. ನಾನು ಚಿಕ್ಕಪ್ಪನ ಹಳೆಯ ಖಾಕಿ ಅಂಗಿ ತೊಟ್ಟು, ತಲೆಗೆ ಬಟ್ಟೆ ಬಿಗಿದು ಐದನೇ ಗುಂಡಿಯ ಬಳಿ ನಿಂತಿದ್ದೆ. ಭಾಷಣ ನಲವತ್ತು ನಿಮಿಷ. ಈ ವೀರರನ್ನು ನಾಡು ಒಂದು ಗಳಿಗೆಯೂ ಮರೆತಿರಲಿಲ್ಲ ಎಂದರು ಮಂತ್ರಿ. ಹಾಳೆ ತಿರುವಿ, ಇನ್ನು ಮುಂದೆಯೂ ಮರೆಯುವುದಿಲ್ಲ ಎಂದರು. ಬಿಸಿಲಿಗೆ ಗಣ್ಯರಿಗೆ ಶಾಮಿಯಾನ ಇತ್ತು. ನಮಗೆ ನಮ್ಮ ನೆರಳು.

ಪೆಟ್ಟಿಗೆಗಳು ಬಂದವು. ಮೇಲೆ ಮಡಿಸಿದ ಧ್ವಜ. ಸಿಪಾಯಿ ಧ್ವಜ ತೆಗೆದುಕೊಂಡು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ. ಅವನ ಕೈಗೆ ಬಿಳಿ ಗವಸು. ನಾನು ಗುಂಡಿಗಿಳಿದು ಫಿರಂಗಿಯವನನ್ನು ಎಡಕ್ಕೆ ಸರಿಸಿ ಇಟ್ಟೆ. ಮೇಲೆ ಹತ್ತಿದೆ.

ಕಹಳೆ ಎದ್ದಿತು. ಕೈಗಳು ಹಣೆಗೆ ಹೋದವು. ಮೇಜರ್ ಕಲ್ಲಾದರು. ಮಂತ್ರಿ ಯಾವ ಕೈ ಎತ್ತಬೇಕೆಂದು ತಿಳಿಯದೆ ಎಡಗೈ ಎತ್ತಿ, ಪಕ್ಕದವರನ್ನು ನೋಡಿ ಬದಲಾಯಿಸಿದರು. ಅಧೀಕ್ಷಕರು ಎರಡು ಕೈ ಜೋಡಿಸಿ ನೆಲ ನೋಡುತ್ತಿದ್ದರು.

ನಾನು ಬಾಂಡ್ಲಿಯ ಮಣ್ಣಿನೊಳಗೆ ಕೈ ಹಾಕಿದೆ. ತಗಡು ಬೆರಳಿಗೆ ತಾಗಿತು. ಎಳೆದೆ. ಮಣ್ಣು ಜಾರಿತು. ಪಕ್ಕದಲ್ಲಿ ಚಿಕ್ಕಪ್ಪನೂ ಎಳೆದ. ಅದರಾಚೆ ಉಳಿದ ಮೂವರೂ. ಡಬ್ಬಿಗಳು ಬಿಸಿಲಿಗೆ ಹೊಳೆದವು. ಶಾಮಿಯಾನದಲ್ಲಿ ಯಾರೋ "ಅದೇನು?" ಎಂದರು, ಯಾರೋ "ಶ್!" ಎಂದರು. ಮೇಜರ್ ಕಣ್ಣು ಮಾತ್ರ ಹೊರಳಿತು. ಅವರ ಕತ್ತಿನ ನರ ಹಗ್ಗದಂತೆ ಎದ್ದಿತು. ಕೈ ಹಣೆಯ ಮೇಲೇ ಇತ್ತು.

ನಾನು ಅವಸರ ಮಾಡಲಿಲ್ಲ. ನೂರು ಸೆಕೆಂಡು ದೊಡ್ಡ ಸಮಯ. ಗುಂಡಿಗಿಳಿದು ಮೊಣಕಾಲೂರಿದೆ. ಫಿರಂಗಿಯವನ ಬಲಕ್ಕೆ ಮಣ್ಣು ಸಮ ಮಾಡಿ, ನೂರಾ ಹನ್ನೆರಡನ್ನು ಇಟ್ಟೆ. ಅಲುಗದಂತೆ ಎರಡು ಹಿಡಿ ಮಣ್ಣು ಸಂದಿಗೆ ಒತ್ತಿದೆ. ಹತ್ತಿ ಬರುವಾಗ ಅಧೀಕ್ಷಕರು ನನ್ನ ಮುಖ ನೋಡಿದರು. ಹದಿನೇಳು ವರ್ಷದಲ್ಲಿ ಮೊದಲ ಸಲ ಪೂರ್ತಿ ನೋಡಿದರು. ಬಾಯಿ ತೆರೆದುಕೊಂಡಿತು.  ಕಹಳೆ ಊದುತ್ತಿತ್ತು, ಅವರೆದುರು ಅಷ್ಟೂ ಸೈನ್ಯ ಸೆಲ್ಯೂಟಿನಲ್ಲಿತ್ತು. ಚಹಾದಜ್ಜಿಗೆ. ಮೂಗನಿಗೆ. ಹೆಸರಿಲ್ಲದವಳಿಗೆ. ಕಳ್ಳನಿಗೆ. ಹಾರೆಗೆ.

ಕಹಳೆ ನಿಂತಿತು. ಮೇಜರ್ ಮೂರೇ ಹೆಜ್ಜೆಗೆ ನನ್ನ ಗುಂಡಿಯಂಚಿಗೆ ಬಂದರು.

"ತೆಗಿ ಅದನ್ನ," ಎಂದರು, ಹಲ್ಲು ಕಚ್ಚಿಕೊಂಡು, ತುಟಿ ಅಲುಗಿಸದೆ. "ಹೊರಗೆ ತೆಗಿ!"

ನಾನು ಅಲುಗಲಿಲ್ಲ. ಚಿಕ್ಕಪ್ಪ ಬಂದ. ತನ್ನ ಸನಿಕೆಯ ಹಿಡಿಯನ್ನು ಮೇಜರ್ ಕಡೆಗೆ ಚಾಚಿದ.

"ತೆಗೀಬಹುದು ಸಾರ್. ಇಳೀರಿ. ಮಣ್ಣು ಸಡಿಲ ಇದೆ, ಕಾಲು ನೋಡ್ಕೊಂಡು."

ಮೇಜರ್ ಸನಿಕೆ ನೋಡಿದರು. ಬೆವರು ಕುಡಿದು ಕಪ್ಪಾದ ಹಿಡಿ. ತಮ್ಮ ಬಿಳಿ ಗವಸು ನೋಡಿಕೊಂಡರು. ಅಧೀಕ್ಷಕರ ಕಡೆ ತಿರುಗಿದರು. ಅಧೀಕ್ಷಕರು ಆಕಾಶ ನೋಡುತ್ತಿದ್ದರು. ತೆಗೆಸಿದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಿದರೆ ಪ್ರಮಾಣಪತ್ರದ ಸಹಿ ಯಾರದೆಂದು ಬರುತ್ತದೆ.

ಅಷ್ಟರಲ್ಲಿ ಮಂತ್ರಿ ಬಂದರು, ಹಿಂದೆ ಕ್ಯಾಮೆರಾಗಳು.

"ಏನ್ರೀ ಮೇಜರ್, ಇಲ್ಲಿ ಎರಡೆರಡು ಇದೆಯಲ್ಲ?"



"ಪದ್ಧತಿ ಸರ್," ಎಂದರು ಮೇಜರ್. "ಸೈನ್ಯದ ಹಳೇ ಪದ್ಧತಿ. ಒಬ್ಬನೇ ಹೋಗಬಾರದು ಅಂತ."

"ಒಳ್ಳೆ ಪದ್ಧತಿ," ಎಂದರು ಮಂತ್ರಿ. "ನನ್ನ ಭಾಷಣದಲ್ಲಿ ಯಾಕೆ ಹಾಕಲಿಲ್ಲ ಇದನ್ನ?"

ಬಗ್ಗಿ ನನ್ನ ಬಾಂಡ್ಲಿಯಿಂದ ಒಂದು ಹಿಡಿ ತೆಗೆದು ಎರಡರ ಮೇಲೂ ಉದುರಿಸಿದರು. ಮಂತ್ರಿ ಹಾಕಿದ ಮೇಲೆ ಮೇಜರ್ ಹಾಕಲೇಬೇಕು. ಹಾಕಿದರು. ಅಧೀಕ್ಷಕರೂ ಬಂದು, ನನ್ನ ಕಡೆ ನೋಡದೆ, ನಾನು ಹಿಡಿದಿದ್ದ ಬಾಂಡ್ಲಿಗೆ ಕೈ ಹಾಕಿದರು.

ಅವರೆಲ್ಲ ಶಾಮಿಯಾನಕ್ಕೆ ಹೋದರು. ಉಳಿದ ಮಣ್ಣು ನಾವು ಎಳೆದೆವು. ಐದು ಗುಂಡಿ, ಮೂರಡಿ. ಪದರ ಪದರವಾಗಿ ಹಾಕಿ, ಕಾಲಿನಿಂದ ತುಳಿದು, ನೀರು ಚಿಮುಕಿಸಿ ಮತ್ತೆ ತುಳಿದೆವು. ನಾಳೆ ಯಾರಾದರೂ ತೆಗೆಯಬೇಕೆಂದರೆ ಅವರಿಗೆ ಹಾರೆಯೇ ಬೇಕಾಗಬೇಕು, ಅಷ್ಟು ಗಟ್ಟಿಯಾಗುವ ತನಕ.